ಶುಗರ್ ಸರಿ ಇದೆ, ದೊಡ್ಡಮ್ಮ ಸೊರಗಿದ್ದಾರೆ

ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ವಯಸ್ಸು 74. ಶುಗರ್ ಬಂದು 18 ವರ್ಷ ಆಯಿತು. ಈ ಸಲ ಹೋದಾಗ ನೋಡಿದೆ, ಕೈ ಎತ್ತಿದರೆ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಜಗಲಿಯಿಂದ ಏಳಲು ಎರಡೂ ಕೈ ಊರಿದರು. ಮೊದಲ ಸಲ ಆಗಲಿಲ್ಲ, ಎರಡನೇ ಸಲಕ್ಕೆ ಎದ್ದರು.

"ಮೂರು ತಿಂಗಳ ಶುಗರ್ 6.4 ಬಂದಿದೆ ಕಣಪ್ಪಾ" ಅಂದರು. ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ HbA1c ರಕ್ತಪರೀಕ್ಷೆ ಅದು. ಮನೆಮಂದಿಗೆಲ್ಲ ಖುಷಿ. ನನ್ನ ಕಣ್ಣು ಬಳೆಯ ಮೇಲೇ ಇತ್ತು.

ವಯಸ್ಸಾದ ಮೇಲೆ ಸೊರಗೋದು ಇದ್ದದ್ದೇ ಅಂತೀವಿ, ಅಲ್ವಾ? ಆದರೆ ಇದನ್ನು ಅಳೆಯಬಹುದು. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಜೊತೆಗಾರರು ಐದು ಗುರುತು ಹೇಳಿದರು. ಸುಮ್ನೆ ಒಂದು ವರ್ಷದಲ್ಲಿ ನಾಲ್ಕೂವರೆ ಕಿಲೋ ಇಳಿಯುವುದು, ಯಾವಾಗಲೂ ಸುಸ್ತು, ಕೈಹಿಡಿತ ಸಡಿಲ, ನಡಿಗೆ ನಿಧಾನ, ಓಡಾಟ ಕಡಿಮೆ. ಮೂರು ಕಂಡರೆ ದೇಹ ಸೊರಗಿದೆ ಎಂದು ಲೆಕ್ಕ. ಇಂಥವರು ಬೀಳುವುದು, ಆಸ್ಪತ್ರೆ ಸೇರುವುದು, ಬೇಗ ತೀರಿಕೊಳ್ಳುವುದು ಜಾಸ್ತಿ.

ಶುಗರ್ ಇದ್ದವರು ಸೊರಗುವ ಸಾಧ್ಯತೆ ಹೆಚ್ಚು. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗುವುದು ಮಾಂಸಖಂಡಕ್ಕೆ. ಇನ್ಸುಲಿನ್ ನೆಟ್ಟಗೆ ಕೆಲಸ ಮಾಡದಿದ್ದರೆ ಮಾಂಸಖಂಡ ಕರಗುತ್ತದೆ. ಅದು ಕರಗಿದಷ್ಟೂ ಸಕ್ಕರೆಗೆ ಹೋಗಲು ಜಾಗ ಇಲ್ಲ. ಇದರ ಮೇಲೆ ನಮ್ಮ ಪಥ್ಯ ಬೇರೆ. ದೊಡ್ಡಮ್ಮನ ರಾತ್ರಿಯೂಟ ಅಂದರೆ ಅರ್ಧ ಅಕ್ಕಿ ರೊಟ್ಟಿ, ಚೂರು ಚಟ್ನಿ. ಅಷ್ಟೇ!

ಅಂಗಳದಲ್ಲಿ ನಾಲ್ಕು ಮೀಟರ್ ಅಳೆದು ಗೆರೆ ಎಳೆದೆ. "ಯಾವಾಗಲೂ ನಡೆಯೋ ಹಾಗೇ ನಡೀರಿ" ಅಂದೆ. ಮೊಬೈಲಿನಲ್ಲಿ 7 ಸೆಕೆಂಡು ತೋರಿಸಿತು. 5 ದಾಟಿದರೆ ಎಚ್ಚರ ಬೇಕು. ಆಮೇಲೆ ಎದೆಯ ಮೇಲೆ ಕೈ ಕಟ್ಟಿಸಿ, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದೆ. ಇದು 12 ಸೆಕೆಂಡಿನೊಳಗೆ ಆಗಬೇಕು. ಅವರು ಮೂರಕ್ಕೇ ಏದುಸಿರು ಬಿಟ್ಟು ಕೂತುಬಿಟ್ಟರು.

ಹಾಗಾದರೆ 6.4 ಒಳ್ಳೆಯದಲ್ಲವೇ? ಸೊರಗಿದವರಿಗೆ ಅದೇ ಅಪಾಯ ಆಗಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ಕಡಿಮೆ ಮಾಡಿದರೆ ಲೋ ಶುಗರ್ ಆಗುತ್ತದೆ. ವಯಸ್ಸಾದವರಲ್ಲಿ ಎಷ್ಟೋ ಸಲ ಬೆವರು, ನಡುಕ ಕಾಣುವುದೇ ಇಲ್ಲ. ತಲೆ ಸುತ್ತುತ್ತದೆ, ಮಾತು ಗಲಿಬಿಲಿ ಆಗುತ್ತದೆ. ಬಚ್ಚಲುಮನೆಯಲ್ಲಿ ಹಾಗಾದರೆ ಸೊಂಟದ ಮೂಳೆಗೇ ಸಂಚಕಾರ. ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಎಲ್ಲ ಹಿರಿಯರಿಗೂ ಒಂದೇ ಗುರಿ ಇಟ್ಟಿಲ್ಲ. ಗಟ್ಟಿಮುಟ್ಟಾಗಿ ಇರುವವರಿಗೆ ಮೂರು ತಿಂಗಳ ಶುಗರ್ 7ರಿಂದ 7.5ರ ಒಳಗೆ. ಹಲವು ಕಾಯಿಲೆ ಇದ್ದು, ತಮ್ಮ ಕೆಲಸ ತಾವು ಮಾಡಿಕೊಳ್ಳಲು ಕಷ್ಟಪಡುವವರಿಗೆ 8ರ ಒಳಗಿದ್ದರೂ ಸಾಕು.

ಈ ಲೆಕ್ಕವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವರನ್ನು ಇನ್ನೊಮ್ಮೆ ನಡೆಸಿ ನೋಡಿದರು. ಮಾತ್ರೆಯ ಡೋಸ್ ಅವರೇ ಇಳಿಸಿದರು. ನೀವಾಗಿ ನೀವು ಇಳಿಸಬೇಡಿ. ಕಿಡ್ನಿ ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಂಡು, ಮಾಂಸಖಂಡಕ್ಕೆ ಪ್ರೋಟೀನ್ ಬೇಕು, ದಿನಾ ಮೊಟ್ಟೆ, ಹುರುಳಿಕಾಳು ತಿನ್ನಿ ಅಂದರು.

ಈಗ ಬೆಳಿಗ್ಗೆ ಕಾಫಿಗೆ ಮುಂಚೆ ದೊಡ್ಡಮ್ಮ ಕುರ್ಚಿಯಿಂದ ಎದ್ದು ಕೂರುತ್ತಾರೆ. ಮೊಮ್ಮಗಳು ಪಕ್ಕ ನಿಂತು ಎಣಿಸುತ್ತಾಳೆ. ಮೊನ್ನೆ ಫೋನು ಮಾಡಿದಾಗ ನಾಲ್ಕಕ್ಕೆ ಬಂದಿತ್ತು.