ಆರು ವರ್ಷದ ಮಗುವಿಗೆ ಚೆಂಡು ಹಿಡಿಯಲು ಕಲಿಸುವವರು ಯಾರು?

ಕಾಸರಗೋಡಿನ ಕನ್ನಡ ಊರುಗಳಲ್ಲಿ ಕಬಡ್ಡಿಗೆ ಬರವಿಲ್ಲ. ಮಂಜೇಶ್ವರ, ಕುಂಬಳೆ ಕಡೆ ಮಳೆ ನಿಂತರೆ ಸಾಕು, ಹೊನಲು ಬೆಳಕಿನ ಪಂದ್ಯಗಳು ಶುರುವಾಗುತ್ತವೆ. ಆದರೆ ಆ ಅಂಕಣಕ್ಕೆ ಇಳಿಯುವ ಹುಡುಗನ ಕಾಲು ಪಳಗಿದ್ದು ಹದಿನೈದರ ವಯಸ್ಸಿನಲ್ಲಿ ಅಲ್ಲ. ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು ಗಟ್ಟಿಯಾಗುವುದು ಸುಮಾರು ಮೂರರಿಂದ ಹತ್ತು ವರ್ಷದೊಳಗೆ. ವಯಸ್ಸಾದ ಹಾಗೆ ಇವೆಲ್ಲ ತಾನಾಗಿ ಬರುವುದಿಲ್ಲ, ಮಾಡಿ ಮಾಡಿಯೇ ಬರಬೇಕು. ಈ ವಯಸ್ಸಿನಲ್ಲಿ ಇದು ಕೈಗೂಡದಿದ್ದರೆ ಮುಂದೆ ಆಟಕ್ಕೆ ಸೇರುವುದೇ ಕಷ್ಟ ಎಂದು ಮಕ್ಕಳ ಚಲನೆಯ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ವರ್ನ್ ಸೀಫೆಲ್ಟ್ 1980ರಲ್ಲೇ ಬರೆದಿದ್ದರು. ಚೆಂಡು ಕೈಗೆ ಸಿಗದ ಮಗುವನ್ನು ಯಾರೂ ತಂಡಕ್ಕೆ ಕರೆಯುವುದಿಲ್ಲ. ಕರೆಯದ ಮಗು ಕಲಿಯುವುದೂ ಇಲ್ಲ.

ಹಿಂದೆ ನಮ್ಮಲ್ಲಿ ಇದು ಪಾಠವೇ ಆಗಿರಲಿಲ್ಲ. ಶಾಲೆಗೆ ಹೋಗುವ ದಾರಿಯೇ ಕಲಿಸುತ್ತಿತ್ತು. ಜಾರುವ ಗದ್ದೆಹುಣಿ, ತುಂಬಿದ ತೋಡಿನ ಮೇಲೆ ಅಡಕೆ ಮರದ ಸಂಕ, ಆಚೆ ಗುಡ್ಡೆ ಹತ್ತುವ ಕಾಲುದಾರಿ. ಕೊಯ್ಲು ಮುಗಿದ ಗದ್ದೆಯಲ್ಲಿ ಕುಟ್ಟಿದೊಣ್ಣೆ, ಲಗೋರಿ. ಲಗೋರಿಯೊಂದನ್ನೇ ನೋಡಿ. ಗುರಿಯಿಟ್ಟು ಎಸೆಯಬೇಕು, ಚೆಂಡು ತಾಗದಂತೆ ಮೈ ತಿರುಗಿಸಬೇಕು, ಓಡುತ್ತಲೇ ಬಗ್ಗಿ ಕಲ್ಲು ಪೇರಿಸಬೇಕು. ಇಷ್ಟನ್ನು ಒಟ್ಟಿಗೆ ಕಲಿಸುವ ಆಟ ಬೇರೆ ಎಷ್ಟಿವೆ?

ಆಮೇಲೆ ಬೈಲಿನ ಗದ್ದೆಗಳು ಅಡಕೆ ತೋಟವಾದವು. ಗುಡ್ಡೆಗೆ ರಬ್ಬರ್ ಬಂತು. ಗುಡ್ಡೆ ಮೇಲಿನ ಪದವಿನ ಬಯಲಿನಲ್ಲಿ ಮುರಕಲ್ಲಿನ ಕೋರೆ ಎದ್ದಿತು. ಮನೆ ಬಾಗಿಲಿಗೇ ಶಾಲೆಯ ವ್ಯಾನ್ ಬರತೊಡಗಿತು. ತೋಟದ ಮನೆಗಳು ದೂರ ದೂರ, ಮನೆಯಲ್ಲಿ ಒಂದೋ ಎರಡೋ ಮಕ್ಕಳು. ತಂಡ ಕಟ್ಟಲು ಜನವೇ ಇಲ್ಲ. ಮೊಬೈಲ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅದನ್ನೊಂದನ್ನೇ ಬೈದರೆ ನ್ಯಾಯವಲ್ಲ.

ಊರು ಬಿಟ್ಟದ್ದನ್ನು ಶಾಲೆ ಹಿಡಿಯಬೇಕಿತ್ತು, ಅಲ್ವಾ? ಹಿಡಿಯಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1959ರ ಕೇರಳ ಶಿಕ್ಷಣ ನಿಯಮಗಳು ಇಲ್ಲಿನ ಕನ್ನಡ ಶಾಲೆಗಳಿಗೂ ಬಂದವು. ಯುಪಿ (5ರಿಂದ 7ನೇ ತರಗತಿ) ವಿಭಾಗಕ್ಕೆ ದೈಹಿಕ ಶಿಕ್ಷಕರು ಬೇಕಾದರೆ 500 ಮಕ್ಕಳಿರಬೇಕು ಎಂಬ ಲೆಕ್ಕ ದಶಕಗಟ್ಟಲೆ ನಡೆಯಿತು. ಗಡಿಯ ಸಣ್ಣ ಕನ್ನಡ ಶಾಲೆಗೆ ಅಷ್ಟು ಮಕ್ಕಳು ಎಲ್ಲಿಂದ ಬರಬೇಕು? ಮೈ ಪಳಗಬೇಕಾದ ಎಲ್‌ಪಿ (1ರಿಂದ 4ನೇ ತರಗತಿ) ವಯಸ್ಸಿನ ಮಕ್ಕಳನ್ನಂತೂ ಆ ಲೆಕ್ಕ ನೋಡಲೇ ಇಲ್ಲ. ನನಗೆ ಅತಿ ಹೆಚ್ಚು ನೋವಾಗುವುದು ಇಲ್ಲೇ.

ಇದೇ ಜಿಲ್ಲೆಯ ಎಣ್ಮಕಜೆ ಕಡೆಯ ಮಕ್ಕಳನ್ನು ಬಿಟ್ಟು ಈ ಮಾತು ಆಡುವಂತಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಸಂತ್ರಸ್ತರ ಪಟ್ಟಿಯಲ್ಲಿ ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳೂ ಇದ್ದಾರೆ. ಕೂತಲ್ಲೇ ಚೆಂಡು ಉರುಳಿಸುವುದು, ಹಿಡಿಯುವುದು ಅವರಿಗೂ ಆಟವೇ. ಆಟದ ಪೀರಿಯಡ್‌ನಲ್ಲಿ ಅವರಿಗೂ ಜಾಗ ಬೇಕು.

ಆಟದ ಮೈದಾನ ಇಲ್ಲದ ಶಾಲೆಗಳನ್ನು ಮುಚ್ಚಬೇಕಾದೀತು ಎಂದು ಕೇರಳ ಹೈಕೋರ್ಟ್ 2024ರಲ್ಲಿ ಗಟ್ಟಿಯಾಗಿಯೇ ಹೇಳಿತು. ಮೈದಾನ ಬೇಕೇ ಬೇಕು. ಆದರೆ ಅಲ್ಲಿ ಮಕ್ಕಳನ್ನು ಸುಮ್ನೆ ಬಿಟ್ಟರೆ ಆಡುವವರು ಆಡುತ್ತಾರೆ, ಉಳಿದವರು ಬದಿಯಲ್ಲಿ ನಿಲ್ಲುತ್ತಾರೆ. ನಮ್ಮ ಕಬಡ್ಡಿ ಕ್ಲಬ್‌ನ ಹುಡುಗರು, ಹುಡುಗಿಯರು ವಾರಕ್ಕೊಂದು ಗಂಟೆ ಹತ್ತಿರದ ಎಲ್‌ಪಿ ಶಾಲೆಗೆ ಹೋಗಬಹುದು. ಸುಣ್ಣದ ಗೆರೆ, ಒಂದು ಹಗ್ಗ, ಹಳೆ ಟಯರು, ಬಟ್ಟೆ ಚೆಂಡು ಇದ್ದರೆ ಜಾಸ್ತಿ ಏನೂ ಬೇಡ. ಮುಂದಿನ ಪಿಟಿಎ ಸಭೆಯಲ್ಲಿ ಹೆತ್ತವರು ಇದನ್ನು ಬಾಯಿಬಿಟ್ಟು ಕೇಳಲಿ.