ಬಸುರಿಗೆ ‘ಹಗುರ ಕೆಲಸ’ ಅಂದರೆ ಎಷ್ಟು ಕಿಲೋ?

ಅವರಿಗೆ ಆಗ 22 ವಾರ. ಗೋದಾಮಿನಲ್ಲಿ ಕೆಲಸ. ಪೆಟ್ಟಿಗೆಗಳನ್ನು ಇಳಿಸಬೇಕು, ವಿಂಗಡಿಸಬೇಕು, ಮತ್ತೆ ಕಪಾಟಿಗೆ ಏರಿಸಬೇಕು. ದಿನವಿಡೀ ಇದೇ. ಸ್ಕ್ಯಾನಿಂಗ್ ಚೆನ್ನಾಗಿತ್ತು, ಬಿ.ಪಿ. ಸರಿಯಿತ್ತು, ರಕ್ತವೂ ಕಡಿಮೆ ಇರಲಿಲ್ಲ. ಚೀಟಿ ಕೈಗೆ ಕೊಟ್ಟ ಮೇಲೂ ಏಳದೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು, “ಡಾಕ್ಟ್ರೇ, ಕೆಲಸ ಬಿಡಬೇಕಾ?”

ಮೊದಮೊದಲು ಇಂಥ ಪ್ರಶ್ನೆಗೆ ನಾನು ‘ಹಗುರ ಕೆಲಸ ಕೊಡಿ’ ಅಂತ ಒಂದು ಸಾಲು ಬರೆದು ಕೊಡುತ್ತಿದ್ದೆ. ಒಮ್ಮೆ ಒಬ್ಬರು ಆ ಚೀಟಿ ತೋರಿಸಿದ್ದಕ್ಕೆ, ‘ಇಲ್ಲಿ ಹಗುರ ಕೆಲಸ ಯಾವುದೂ ಇಲ್ಲ, ಹೆರಿಗೆ ಮುಗಿಸಿಕೊಂಡು ಬನ್ನಿ’ ಅಂತ ಅವರನ್ನು ಮನೆಗೆ ಕಳಿಸಿಬಿಟ್ಟರು. ಆ ಮನೆ ನಡೆಯುತ್ತಿದ್ದದ್ದು ಅವರೊಬ್ಬರ ಸಂಬಳದಿಂದ. ಅವತ್ತಿನಿಂದ ಆ ಸಾಲು ಬರೆಯುವುದನ್ನು ಬಿಟ್ಟೆ. ಹಗುರ ಅಂದರೆ ಎಷ್ಟು ಅಂತ ಬರೆಯದಿದ್ದರೆ, ಓದಿದವರು ತಮಗೆ ತಿಳಿದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ.

ಈಗ ನಾನು ಕೇಳುವುದೇ ಬೇರೆ. “ಕೆಲಸದಲ್ಲಿ ಹೇಗೆ ಎತ್ತುತ್ತೀರೋ, ಇಲ್ಲಿ ಹಾಗೇ ಎತ್ತಿ ತೋರಿಸಮ್ಮ” ಅಂದೆ. ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಎರಡೂ ಕಾಲು ಜೋಡಿಸಿ ನಿಂತರು, ಮಂಡಿ ಮಡಚದೆ ಸೊಂಟದಿಂದ ಬಗ್ಗಿದರು. ಹೊಟ್ಟೆ ಅಡ್ಡ ಬಂದದ್ದರಿಂದ ಪೆಟ್ಟಿಗೆಯನ್ನು ಮೈಯಿಂದ ದೂರ ಹಿಡಿದು ಎತ್ತಿದರು. ಪಾದ ಕದಲಿಸದೆ ನಡುವನ್ನಷ್ಟೇ ತಿರುಗಿಸಿ ಮೇಜಿನ ಮೇಲಿಟ್ಟರು. ಎಷ್ಟು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದರೋ! ಬಸುರಿಯಾಗುವ ಮುಂಚೆ ಬೆನ್ನು ಅದನ್ನೆಲ್ಲ ತಡೆದುಕೊಂಡಿತ್ತು.

ಈಗ ತಡೆದುಕೊಳ್ಳುವುದು ಕಷ್ಟ. ಬಸುರಿನಲ್ಲಿ ಹಾರ್ಮೋನುಗಳಿಂದಾಗಿ ಕೀಲುಗಳನ್ನು ಬಿಗಿಹಿಡಿದಿರುವ ನಾರುಗಳು ಸಡಿಲವಾಗುತ್ತವೆ. ಸೊಂಟದ ಮೂಳೆಗಳು ಹೆರಿಗೆಗೆ ದಾರಿ ಬಿಡಲಿ ಅಂತ ದೇಹ ಮಾಡಿಕೊಳ್ಳುವ ತಯಾರಿ ಅದು. ಹೊಟ್ಟೆ ಮುಂದಕ್ಕೆ ಬಂದಂತೆ ಮೈಯ ಭಾರವೂ ಮುಂದಕ್ಕೆ ಜರುಗುತ್ತದೆ. ಅದನ್ನು ಸರಿತೂಗಿಸಲು ಬೆನ್ನು ಹಿಂದಕ್ಕೆ ಬಾಗುತ್ತದೆ. ಅದೇ ಹೊತ್ತಿಗೆ ಹೃದಯದ ದುಡಿಮೆಯೂ ಹೆಚ್ಚಿರುತ್ತದೆ. ಸುಮ್ನೆ ಕೂತಿರುವಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತಿದ್ದ ಹೃದಯ ಈಗ 7 ಲೀಟರಿನ ಹತ್ತಿರ ಪಂಪ್ ಮಾಡುತ್ತಿರುತ್ತದೆ. ಮೆಟ್ಟಿಲು ಹತ್ತುವಾಗ ಬೇಗ ಏದುಸಿರು ಬಂದರೆ ಅದು ಸೋಮಾರಿತನ ಅಲ್ಲ ಅಂತ ಮನೆಯವರಿಗೂ ಹೇಳುತ್ತಿರುತ್ತೇನೆ.

ಹಾಗಾದರೆ ಎಷ್ಟು ಭಾರ ಎತ್ತಬಹುದು? ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ‘ನಿಯೋಷ್’ ಸಂಸ್ಥೆಯ ತಜ್ಞರು 2013ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ತೊಂದರೆಯಿಲ್ಲದ ಬಸುರಿ ಆಗಿದ್ದು, ಎರಡೂ ಕೈಯಲ್ಲಿ ಮೈಗೆ ಹತ್ತಿರ ಹಿಡಿದು, ಅಪರೂಪಕ್ಕೊಮ್ಮೆ ಎತ್ತುವುದಾದರೆ 20 ವಾರದ ತನಕ ಸುಮಾರು 16 ಕಿಲೋ, ಆಮೇಲೆ 12 ಕಿಲೋದ ಒಳಗೆ. ದಿನವಿಡೀ ಮತ್ತೆ ಮತ್ತೆ ಎತ್ತುವ ಕೆಲಸವಾದರೆ ಮೊದಲರ್ಧದಲ್ಲಿ 8 ಕಿಲೋ, ಕೊನೆಯರ್ಧದಲ್ಲಿ 6 ಕಿಲೋದ ಆಸುಪಾಸು. ಕೈ ಚಾಚಿ ದೂರ ಹಿಡಿದರೆ ಇನ್ನೂ ಕಡಿಮೆ. ಮೊಣಕಾಲಿನ ಕೆಳಗೆ, ಮೀನಖಂಡದ ಮಟ್ಟಕ್ಕಿಂತ ತಗ್ಗಿನಿಂದ ಎತ್ತಲೇಬಾರದು. ತಲೆಗಿಂತ ಮೇಲಕ್ಕೂ ಎತ್ತಬಾರದು.

ಈ ಕೊನೆಯ ಮಾತು ತುಂಬ ಮುಖ್ಯ. ಗೋದಾಮಿನ ಆ ಹೆಣ್ಣುಮಗಳ ಪೆಟ್ಟಿಗೆ 7 ಕಿಲೋ ಇತ್ತು. ಅದು ನೆಲದ ಮೇಲಿರುತ್ತದೋ ಮೇಜಿನ ಮೇಲಿರುತ್ತದೋ, ದಿನಕ್ಕೆ ಹತ್ತು ಸಲ ಎತ್ತುತ್ತಾರೋ ಇನ್ನೂರು ಸಲವೋ ಅಂತ ನೋಡದೆ ಬರೀ ತೂಕ ಹೇಳಿದರೆ ಪ್ರಯೋಜನವಿಲ್ಲ. ಎತ್ತುವ ರೀತಿಯನ್ನು ಅಲ್ಲೇ ತಿದ್ದಿದೆವು. ಕಾಲು ಅಗಲಿಸಿ ನಿಲ್ಲುವುದು, ಮಂಡಿ ಮಡಚಿ ಕೂತಂತೆ ಇಳಿಯುವುದು, ಪೆಟ್ಟಿಗೆಯನ್ನು ಮೈಗೆ ಒತ್ತಿಕೊಳ್ಳುವುದು, ತಿರುಗುವಾಗ ಪಾದಗಳನ್ನೇ ತಿರುಗಿಸುವುದು. ಎತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಉಸಿರು ಬಿಡುತ್ತಾ ಎತ್ತಿ ಅಂದೆ. ನಾಲ್ಕನೇ ಸಲಕ್ಕೆ ಸರಿಹೋಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದೆ ಹೋದವರು ಎಷ್ಟೋ ಜನ ನನ್ನೆದುರು ಕೂತು, ‘ಅವತ್ತು ಆ ಚೀಲ ಎತ್ತದೇ ಇದ್ದಿದ್ದರೆ’ ಅಂತ ಅತ್ತಿದ್ದಾರೆ. ಅಷ್ಟು ಬೇಗ ಆಗುವ ಗರ್ಭಪಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಭ್ರೂಣದ ವರ್ಣತಂತುಗಳಲ್ಲೇ ಇರುವ ದೋಷದಿಂದ ಆಗುತ್ತವೆ. ಒಂದು ಚೀಲ ಎತ್ತಿದ್ದರಿಂದ ಮಗು ಹೋಗುವುದಿಲ್ಲ. ಅದಕ್ಕೆ ನೀವು ಕಾರಣ ಅಲ್ಲ. ನಾವು ಕಡಿಮೆ ಮಾಡಲು ನೋಡುತ್ತಿರುವುದು ವಾರಗಟ್ಟಲೆ, ತಿಂಗಳುಗಟ್ಟಲೆ ಬೀಳುವ ಹೊರೆಯನ್ನು. ದಿನವೂ ಭಾರ ಹೊರುವುದು, ಗಂಟೆಗಟ್ಟಲೆ ನಿಲ್ಲುವುದು, ವಾರಕ್ಕೆ 40 ಗಂಟೆಗಿಂತ ಜಾಸ್ತಿ ದುಡಿಯುವುದು, ರಾತ್ರಿ ಪಾಳಿ, ಇವೆಲ್ಲ ಸೇರಿದಾಗ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚುತ್ತದೆ.

ನಿಲ್ಲುವುದು ಅಂದೆನಲ್ಲ, ಅದನ್ನು ಯಾರೂ ಕಷ್ಟದ ಕೆಲಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲುಗಾಡದೆ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಹೃದಯಕ್ಕೆ ವಾಪಸು ಬರುವುದು ಕಡಿಮೆಯಾಗುತ್ತದೆ. ಆಗ ಕಣ್ಣು ಕತ್ತಲೆ ಬರುತ್ತದೆ. ಬಸುರಿ ಬಿದ್ದರೆ ಎತ್ತಿದ್ದಕ್ಕಿಂತ ದೊಡ್ಡ ಅಪಾಯ. ಕಾಲಬುಡದಲ್ಲಿ ಒಂದು ತಗ್ಗು ಮಣೆ ಇಟ್ಟುಕೊಂಡು ಕಾಲು ಬದಲಾಯಿಸುತ್ತಾ ಅದರ ಮೇಲಿಡಿ. ಎರಡು ಗಂಟೆ ನಿಂತರೆ ಹತ್ತು ನಿಮಿಷವಾದರೂ ಕಾಲು ಮೇಲಿಟ್ಟು ಕೂರಿ. ಏಣಿ ಹತ್ತುವುದನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ.

ಸೆಖೆಯ ಜಾಗದಲ್ಲಿ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲಿ. ಎಷ್ಟೋ ಜನರಿಗೆ ಬಸುರಿ ಅಂತ ಗೊತ್ತಾಗಿರುವುದೇ ಇಲ್ಲ. ಆಗ ಮೈಯೊಳಗಿನ ಶಾಖ 39 ಡಿಗ್ರಿ ಸೆಲ್ಸಿಯಸ್ ದಾಟುವುದು ಒಳ್ಳೆಯದಲ್ಲ. ಆಮೇಲಿನ ತಿಂಗಳುಗಳಲ್ಲಿ ಮೈಯಲ್ಲಿ ನೀರು ಕಡಿಮೆಯಾದರೆ ಹೊಟ್ಟೆ ಬಿಗಿಯಲು ಶುರುವಾಗಬಹುದು. ನೀರು ಕುಡಿಯಿರಿ ಅಂತ ಹೇಳಿದರೆ ತಲೆಯಾಡಿಸುತ್ತಾರೆ. ‘ಶೌಚಾಲಯ ಎಷ್ಟು ದೂರ?’ ಅಂತ ಕೇಳಿದಾಗಲೇ ನಿಜ ಹೊರಬರುತ್ತದೆ. ದೂರ ಹೋಗಬೇಕು, ಪದೇ ಪದೇ ಹೋದರೆ ಬೈಯುತ್ತಾರೆ, ಅದಕ್ಕೇ ನೀರೇ ಕುಡಿಯುವುದಿಲ್ಲ. ಮೂತ್ರ ತಡೆದುಕೊಂಡರೆ ಸೋಂಕು, ಸೋಂಕು ಜಾಸ್ತಿಯಾದರೆ ಜ್ವರ, ಅದರಿಂದ ದಿನ ತುಂಬುವ ಮೊದಲೇ ನೋವು. ಹಾಗಾಗಿ ನನ್ನ ಪತ್ರದಲ್ಲಿ ಶೌಚಾಲಯದ ಸಾಲು ಖಂಡಿತ ಇರುತ್ತದೆ.

ಸೀಸ, ಕೀಟನಾಶಕ, ಬಣ್ಣ ಕರಗಿಸುವ ದ್ರಾವಣಗಳ ಜೊತೆ ಕೆಲಸ ಇದ್ದರೆ ಅದನ್ನು ಕಡಿಮೆ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಜಾಗವನ್ನೇ ಬದಲಾಯಿಸಬೇಕು. ಭಾರೀ ಸದ್ದಿನ ಯಂತ್ರದ ಪಕ್ಕವೂ ಅಷ್ಟೇ. ಸದ್ದು ತಡೆಯಲು ಕಿವಿಗೆ ಹಾಕುವ ಮುಚ್ಚಳ ತಾಯಿಯ ಕಿವಿಯನ್ನು ಕಾಯುತ್ತದೆ, ಹೊಟ್ಟೆಯೊಳಗಿರುವ ಮಗುವಿನ ಕಿವಿಗೆ ಅದರಿಂದ ಏನೂ ಉಪಯೋಗವಿಲ್ಲ.

ದುಡಿಮೆ ಮಿತಿ ಮೀರುತ್ತಿದೆಯಾ ಅಂತ ತಿಳಿಯಲು ಸುಲಭದ ದಾರಿ ಮಾತಾಡಿ ನೋಡುವುದು. ಕೆಲಸ ಮಾಡುತ್ತಲೇ ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ಸರಿ. ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಲ್ಲಿಸಿ. ಹೊಟ್ಟೆ ಬಿಗಿದರೆ ಕೂತು ನೀರು ಕುಡಿಯಿರಿ. ಕಡಿಮೆಯಾಗದೆ ಮತ್ತೆ ಮತ್ತೆ ಬಂದರೆ ಪಾಳಿ ಮುಗಿಯಲಿ ಅಂತ ಕಾಯಬೇಡಿ. ರಕ್ತ ಕಂಡರೆ, ನೀರು ಹೋದರೆ, ಎದೆನೋವು ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ, ನೇರವಾಗಿ ಆಸ್ಪತ್ರೆಗೆ ಬನ್ನಿ. ಮಾಸು ಕೆಳಗಿರುವವರು, ಗರ್ಭಕೋಶದ ಬಾಯಿ ಸಡಿಲ ಇರುವವರು, ಅವಳಿ ಇರುವವರು, ಹಿಂದೆ ಬೇಗ ಹೆರಿಗೆಯಾದವರು ನಾನು ಮೇಲೆ ಕೊಟ್ಟ ಕಿಲೋ ಲೆಕ್ಕವನ್ನು ಬಳಸಬೇಡಿ. ನಿಮ್ಮ ವೈದ್ಯರನ್ನೇ ಕೇಳಿ.

ಆ ಹೆಣ್ಣುಮಗಳಿಗೆ ನಾನು ಬರೆದ ಪತ್ರದಲ್ಲಿ ನಾಲ್ಕು ಸಾಲು ಇತ್ತು. ‘ಇವರು ಕೆಲಸ ಮಾಡಲು ಸಮರ್ಥರು. 6 ಕಿಲೋಗಿಂತ ಹೆಚ್ಚಿನದನ್ನು ಪದೇ ಪದೇ ಎತ್ತುವಂತಿಲ್ಲ, ನೆಲದಿಂದ ಎತ್ತುವಂತಿಲ್ಲ. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೂರಬೇಕು. ಬೇಕೆಂದಾಗ ನೀರು, ಶೌಚಾಲಯಕ್ಕೆ ಬಿಡಬೇಕು.’ ಮೊದಲ ಸಾಲನ್ನು ಬೇಕಂತಲೇ ಮೊದಲು ಬರೆಯುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದಲ್ಲಿ ಹೊರಡಿಸಿದ 191ನೇ ಶಿಫಾರಸು ಕೂಡ ಇದೇ ಕ್ರಮ ಹೇಳುತ್ತದೆ. ಮೊದಲು ಅಪಾಯವನ್ನೇ ತೆಗೆಯಿರಿ, ಆಗದಿದ್ದರೆ ಕೆಲಸವನ್ನು ಆಕೆಗೆ ಹೊಂದುವಂತೆ ಬದಲಿಸಿ, ಅದೂ ಆಗದಿದ್ದರೆ ಸಂಬಳ ಕಡಿಮೆ ಮಾಡದೆ ಬೇರೆ ಕೆಲಸಕ್ಕೆ ಹಾಕಿ, ಕೊನೆಗೆ ಸಂಬಳದ ರಜೆ.

30ನೇ ವಾರದಲ್ಲಿ ಅವರು ಮತ್ತೆ ಬಂದರು. ಸೊಂಟದೆತ್ತರದ ಮೇಜಿನಲ್ಲಿ ವಿಂಗಡಿಸುವ ಕೆಲಸಕ್ಕೆ ಹಾಕಿದ್ದರಂತೆ. ಆದರೂ ಬೆನ್ನುನೋವು. ಜೊತೆಯಲ್ಲಿ ಮೂರು ವರ್ಷದ ಮಗ. ಮಾತಿನ ಮಧ್ಯೆ ಅವನು ಅತ್ತ, ಅವರು ಬಗ್ಗಿ ಒಂದೇ ಸಲಕ್ಕೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು. ತೂಕ ನೋಡಿದೆವು, 14 ಕಿಲೋ. ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ ಅಂದೆ. “ಅದನ್ನೂ ಲೆಕ್ಕಕ್ಕೆ ತಗೋಬೇಕಾ ಡಾಕ್ಟ್ರೇ?” ಅಂತ ಕೇಳಿದರು.

ತಗೋಬೇಕು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕಕ್ಕೆ ಮಣೆ ಎಳೆದಿಟ್ಟೆ. ಹುಡುಗ ಒಂದು ಕ್ಷಣ ಅನುಮಾನಿಸಿದ. ಆಮೇಲೆ ತಾನೇ ಮಣೆ ಹತ್ತಿ, ಅಮ್ಮನ ಹೊಟ್ಟೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ತೊಡೆಯ ಮೇಲೆ ಕೂತ.