ಸೋಮಾರಿಯಲ್ಲ, ತಪ್ಪಿಗೆ ಹೆದರಿದವರು

‘ಮನೇಲಿ ಎಲ್ರೂ ಸೋಮಾರಿ ಅಂತಾರೆ ಮೇಡಂ’ ಎನ್ನುತ್ತ ಆಪ್ತಸಮಾಲೋಚನೆಗೆ ಬರುವ ಸ್ನಾತಕೋತ್ತರ ವಿದ್ಯಾರ್ಥಿಗಳ ಲ್ಯಾಪ್‌ಟಾಪ್ ತೆರೆಸಿ ನೋಡಿದರೆ, ಎಷ್ಟೋ ಸಲ ಸೋಮಾರಿತನದ ಸುಳಿವೇ ಸಿಗುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪ್ಯಾರಾವನ್ನು ತಿದ್ದಿ ತಿದ್ದಿ ಸವೆಸಿರುತ್ತಾರೆ. ಎರಡನೆಯದು ಹುಟ್ಟಿಯೇ ಇರುವುದಿಲ್ಲ. ಫಾಂಟು, ಮಾರ್ಜಿನ್ನು ಅಚ್ಚುಕಟ್ಟು. ಗೈಡ್ ಕಳಿಸಿದ ವಾಟ್ಸ್ಆ್ಯಪ್ ಮೆಸೇಜನ್ನು ಮಾತ್ರ ತೆರೆದಿರುವುದಿಲ್ಲ. ಬ್ಲೂ ಟಿಕ್ ಬಿದ್ದರೆ ಉತ್ತರ ಕೊಡಬೇಕಲ್ಲ!

ಎಲ್ಲ ಪರ್ಫೆಕ್ಟ್ ಆಗಿರಬೇಕೆಂಬ ಹಟದಿಂದಲೇ ಕೆಲಸ ತಡವಾಗುತ್ತದೆ ಎಂದುಬಿಡುವುದು ಸುಲಭ. ಆದರೆ ಮನೋವಿಜ್ಞಾನಿ ಫ್ಯೂಷಾ ಸಿರ್ವಾ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಂಡದ್ದು ಬೇರೆ. ದೊಡ್ಡ ಗುರಿ ಇಟ್ಟುಕೊಳ್ಳುವ ಗುಣ ಹೆಚ್ಚಿದ್ದವರಲ್ಲಿ ಕೆಲಸ ಮುಂದೂಡುವ ಅಭ್ಯಾಸ ಕಡಿಮೆಯೇ ಇತ್ತು. ತಪ್ಪಾದರೆ ಏನು ಗತಿ, ನೋಡಿದವರು ಏನಂದುಕೊಂಡಾರು ಎಂಬ ಕೊರಗು ಹೆಚ್ಚಿದ್ದವರಲ್ಲಿ ಆ ಅಭ್ಯಾಸವೂ ಹೆಚ್ಚಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 620 ತಂದ ಮಗುವನ್ನೂ ‘ಉಳಿದ ಐದು ಎಲ್ಲಿ ಹೋಯ್ತು?’ ಎಂದು ಕೇಳುವ ಮನೆಗಳಲ್ಲಿ ಈ ಕೊರಗು ಎಲ್ಲಿಂದ ಬಂತೆಂದು ಹುಡುಕಬೇಕಿಲ್ಲ.

ಫೈಲ್ ತೆರೆದ ಕೂಡಲೇ ಎದೆ ಬಿಗಿಯುತ್ತದೆ, ಮುಚ್ಚಿದರೆ ಹಾಯೆನಿಸುತ್ತದೆ. ಆ ಹಾಯೇ ನಾಳೆಯೂ ಮುಚ್ಚು ಎಂದು ಕಲಿಸುತ್ತದೆ. ಇನ್ನೊಂದು ಒಳಲಾಭವೂ ಉಂಟು. ಕೊನೆಯ ರಾತ್ರಿ ಗೀಚಿ ಕೊಟ್ಟದ್ದಕ್ಕೆ ಕಡಿಮೆ ಅಂಕ ಬಂದರೆ ‘ಟೈಮ್ ಇರ್ಲಿಲ್ಲ’ ಎನ್ನಬಹುದು. ತಿಂಗಳುಗಟ್ಟಲೆ ಕೂತು ಬರೆದದ್ದಕ್ಕೇ ಕಡಿಮೆ ಬಂದರೆ? ನನಗೆ ಅಷ್ಟೇ ಬರೋದು ಎಂದು ಒಪ್ಪಬೇಕಾಗುತ್ತದೆ. ಅದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ಅವರಿಗೆ ವಾಸಿ.

ಹಾಗಾಗಿ ಇಂಥವರಿಗೆ ನಾನು ಟೈಮ್‌ಟೇಬಲ್ ಹಾಕಿಕೊಡುವುದಿಲ್ಲ. ಕೊಟ್ಟರೆ ಸ್ಕೆಚ್ ಪೆನ್ನಿನಲ್ಲಿ ಅದನ್ನೇ ಚೆಂದಗಾಣಿಸುತ್ತ ಕೂರುತ್ತಾರೆ! ಬದಲಿಗೆ ಅರ್ಧಂಬರ್ಧ ಬರೆದ ಒಂದು ಪುಟವನ್ನು, ತಿದ್ದದೆ, ಸಂಜೆಯೊಳಗೆ ಗೈಡ್‌ಗೆ ಕಳಿಸಲು ಹೇಳುತ್ತೇನೆ. ಕಳಿಸುವ ಮೊದಲು ಏನು ಉತ್ತರ ಬರಬಹುದೆಂದು ಚೀಟಿಯಲ್ಲಿ ಬರೆದಿಡಬೇಕು. ಚೀಟಿಯಲ್ಲಿ ‘ನಿನಗೆ ಸೀಟು ಕೊಟ್ಟವರು ಯಾರು?’ ಎಂಬಂಥ ಮಾತಿರುತ್ತದೆ. ಬರುವ ಉತ್ತರ ಸಾಮಾನ್ಯವಾಗಿ ‘ಓಕೆ, ಮೆಥಡಾಲಜಿ ಸೇರಿಸಿ’. ನಿಜಕ್ಕೂ ಬೈಯುವ ಗೈಡ್‌ಗಳೂ ಇದ್ದಾರೆ, ಇಲ್ಲವೆನ್ನಲಾರೆ. ಆಗ ಬೈಗುಳ ತಿಂದ ಮೇಲೂ ಎರಡನೇ ಪ್ಯಾರಾ ಬರೆಯಲಾಗುತ್ತದೆಯೇ ಎಂದು ನೋಡುವುದೇ ಮುಂದಿನ ಪಾಠ.

ತಮ್ಮನ್ನು ತಾವೇ ಶಪಿಸಿಕೊಳ್ಳುವುದಂತೂ ದಂಡ. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಓದು ಮುಂದೂಡಿದ್ದು ಕಡಿಮೆ ಎಂದು ಕೆನಡಾದ ಮೈಕಲ್ ವೋಲ್ ಮತ್ತು ಸಂಗಡಿಗರ 2010ರ ಅಧ್ಯಯನ ತೋರಿಸಿದೆ.

ಮುಂದೂಡುವವರೆಲ್ಲರ ಕಥೆಯೂ ಇದೇ ಅಲ್ಲ. ಚಿಕ್ಕಂದಿನಿಂದಲೇ ಯಾವುದರಲ್ಲೂ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ ಎಂಬ ಗಮನದ ಕೊರತೆಯ ತೊಂದರೆ ಇರಬಹುದು. ಊಟ, ನಿದ್ದೆ ಕೆಟ್ಟು ಯಾವುದೂ ಬೇಡವೆನಿಸುತ್ತಿದ್ದರೆ ಖಿನ್ನತೆ ಇರಬಹುದು. ಅಂಥವರು ಚೀಟಿ ಬರೆಯುತ್ತ ಕೂರದೆ ಮನೋವೈದ್ಯರನ್ನು ಕಾಣಬೇಕು. ಟೆಲಿ ಮನಸ್‌ನ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.